ಕೇಳಿಸಿದ್ದೂ ಲೆಕ್ಕ

ರೈಲು ನಿಂತು ಹದಿನೆಂಟು ವರ್ಷವಾದ ನಿಲ್ದಾಣದಲ್ಲಿ
ತಿಂಗಳ ಎರಡನೇ ಶನಿವಾರ, ನಸುಕಿಗೆ,
ನಾವು ಒಂಬತ್ತು ಜನ ಸೇರುತ್ತೇವೆ.
ಹತ್ತು ಅನ್ನುತ್ತಾನೆ ಓಮರ್, ತನ್ನ ನಾಯಿಯನ್ನೂ ಸೇರಿಸಿ.

ಟಿಕೆಟ್ ಕಿಟಕಿಯ ಹಿಂದೆ ನಮ್ಮ ಕಚೇರಿ:
ಕಾಲು ಮುರಿದೊಂದು ದುರ್ಬೀನು,
ಇಲಿ ಅಂಚು ತಿಂದ ಇಪ್ಪತ್ತಾರು ನೋಟುಪುಸ್ತಕ,
ಚಂದಾ ಡಬ್ಬಿ. ಅದರ ಬೀಗದಕೈ ನನ್ನ ಹತ್ತಿರ,
ಬೇಕರಿಯವಳಿಗೆ ಚಿಲ್ಲರೆಯ ಲೆಕ್ಕ ಗೊತ್ತು ಎಂದು.
ನಿಜ ಕಾರಣ ಬೇರೆ: ನಾನು ಬಂದರೆ ಬನ್ನೂ ಬರುತ್ತದೆ.

ಹೊರಡುವ ಮೊದಲು ಮಾತೇ ಎಲೆಯ ಕಷಾಯ.
ಒಂದೇ ಬುರುಡೆ, ಒಂದೇ ಕೊಳವೆ, ಒಂಬತ್ತು ಬಾಯಿ.
ಕುಡಿದು ಸುಮ್ಮನೆ ಹಿಂತಿರುಗಿಸಿದರೆ ಮತ್ತೊಂದು ಸುತ್ತು ಬರುತ್ತದೆ.
‘ಗ್ರಾಸಿಯಾಸ್’ ಅಂದಿರೋ, ಮುಗಿಯಿತು:
ನಮ್ಮ ಕಡೆ ಉಪಕಾರ ನೆನೆದರೆ ‘ಇನ್ನು ಸಾಕು’ ಎಂದರ್ಥ.

ಪುಸ್ತಕ ಬರೆಯುವವನು ಅತಿಲಿಯೋ.
ಇದೇ ನಿಲ್ದಾಣದಲ್ಲಿ ಕೈಮರ ಏರಿಸಿ ಇಳಿಸಿದವನು;
ಹಳಿಗೆ ಕಿವಿಯಿಟ್ಟು, ಹೊಗೆ ಕಾಣುವ ಮೊದಲೇ,
ಗೂಡ್ಸೋ ಪ್ಯಾಸೆಂಜರೋ ಹೇಳುತ್ತಿದ್ದನಂತೆ.
ಕ್ಲಬ್ಬಿನ ಮೊದಲ ನಿಯಮ ಅವನ ಕೈಬರಹದಲ್ಲೇ ಗೋಡೆ ಮೇಲಿದೆ:
ಕಂಡದ್ದಷ್ಟೇ ಅಲ್ಲ, ಕೇಳಿಸಿದ್ದೂ ಲೆಕ್ಕ.

ದನದ ಬೇಲಿ ನುಸುಳಿ ಉಪ್ಪುಕೆರೆಗೆ ನಡೆದರೆ
ಟಿಟ್ಟಿಭಗಳು ಊರಿಗೆಲ್ಲ ದೂರು ಹೇಳುತ್ತವೆ.
‘ಕಿರುಚುವುದು ಇಲ್ಲಿ, ಮೊಟ್ಟೆ ಇಡುವುದು ಇನ್ನೆಲ್ಲೋ,
ಥೇಟ್ ನಮ್ಮ ಪುರಸಭೆ,’ ಎಂದಳು ನೇಲಿದಾ.
ರಾಜಹಂಸ ಇನ್ನೂರ ಹದಿನಾಲ್ಕು.
ಅಲ್ಲ, ಇಪ್ಪತ್ತು. ಅಲ್ಲ, ಆ ಸಾಲು ಆಗಲೇ ಎಣಿಸಿದೆವು.
ಅಷ್ಟರಲ್ಲಿ ಗಿಡುಗವೊಂದು ಹಾದು
ಇಡೀ ಮೊತ್ತವೇ ಗುಲಾಬಿಯಾಗಿ ಮೇಲೆದ್ದಿತು.

ಜೊಂಡಿನ ಅಂಚಿಗೆ ಬಂದಾಗ ಮಾತ್ರ ಯಾರೂ ಕೆಮ್ಮುವುದಿಲ್ಲ.
ಅಲ್ಲಿ ಏಳುಬಣ್ಣದ ಹಕ್ಕಿ, ಹೆಬ್ಬೆರಳಿಗಿಂತ ಒಂದಿಷ್ಟು ದೊಡ್ಡದು.
ಹಸಿರು, ಹಳದಿ, ಕಪ್ಪು, ಬಿಳಿ, ನೀಲಿ, ಬಾಲದಡಿ ಕೆಂಪು:
ಆರಕ್ಕೆ ನಿಲ್ಲುತ್ತದೆ ಲೆಕ್ಕ.
ಏಳನೆಯದಕ್ಕಾಗಿ ಎರಡು ಸಲ ಕ್ಲಬ್ಬು ಒಡೆದಿದೆ,
ಎರಡು ಸಲವೂ ಮಳೆ ಬಂದು ಒಂದೇ ಛತ್ರಿಯಡಿ ಸೇರಿದೆ.

ಎರಡು ವರ್ಷದ ಹಿಂದೆ, ಜುಲೈನ ಚಳಿಯಲ್ಲಿ,
ಜೊಂಡೊಳಗೆ ಅದು ಕೂಗಿತು.
ಅತಿಲಿಯೋನ ಪೆನ್ಸಿಲ್ ಅಲುಗಲಿಲ್ಲ.
ಮತ್ತೆ ಕೂಗಿತು.
ನೇಲಿದಾ ಬೂಟಿನ ದಾರ ಕಟ್ಟತೊಡಗಿದಳು,
ಕಟ್ಟಿದ್ದನ್ನೇ ಬಿಚ್ಚಿ.

ಆ ವಾರ ಅವನಿಲ್ಲದೆ ಒಂದು ಸಭೆ, ನನ್ನ ಒಲೆಯ ಪಕ್ಕ.
ಪುಸ್ತಕ ಬೇರೆಯವರಿಗೆ ಕೊಡೋಣ ಎಂದರು.
ನಿಯಮ ತಿದ್ದೋಣ ಎಂದರು.
ಹೇಳುವವರು ಯಾರು ಅಂದಾಗ
ಎಲ್ಲರಿಗೂ ಒಮ್ಮೆಲೇ ಮನೆಯ ಕೆಲಸ ನೆನಪಾಯಿತು.
ಬಾಗಿಲ ಸಂದಿಯಲ್ಲಿ ಬನ್ ತಿನ್ನುತ್ತಿದ್ದಳು ಯಮಿಲಾ,
ಓಮರನ ಮಗಳು, ಹನ್ನೊಂದು ವರ್ಷ, ಚಂದಾ ಕಟ್ಟದವಳು.

ಮುಂದಿನ ಶನಿವಾರ ಅವಳು ಅವನ ಎಡಕ್ಕೆ ನಿಂತಳು.
ಅಂಗಿಯ ತೋಳು ಒಮ್ಮೆ ಎಳೆದರೆ ಜೊಂಡುಗುಬ್ಬಿ,
ಎರಡು ಸಲ ಎಳೆದರೆ ಏಳುಬಣ್ಣ,
ಮಣಿಕಟ್ಟು ಒತ್ತಿದರೆ: ಗೊತ್ತಿಲ್ಲ, ಯಾವುದೋ ಹೊಸದು, ನಿಲ್ಲು.
ಈ ಸಿಗ್ನಲ್ಲು ಯಾವಾಗ ಗೊತ್ತುಮಾಡಿಕೊಂಡರೋ, ನಾ ಕಾಣೆ.
‘ಏಳುಬಣ್ಣ, ಒಂದು, ಬಲಕ್ಕೆ,’ ಎನ್ನುತ್ತಾನೆ ಅವನು ಗಟ್ಟಿಯಾಗಿ.
ಹೌದು ಹೌದು, ಎನ್ನುತ್ತೇವೆ ನಾವು, ಮೋಸದಲ್ಲಿ ಪಳಗಿದವರು.

ಮೊನ್ನೆ ಚಂದಾ ಬರೆಯಲು ಹೋಗಿ ತಪ್ಪು ಪುಸ್ತಕ ತೆರೆದೆ.
ಹಕ್ಕಿ, ಎಷ್ಟು, ಎಲ್ಲಿ;
ಕೊನೆಯ ಅಂಕಣ, ಕೇಳಿದವರು ಯಾರು.
ಎರಡು ವರ್ಷದುದ್ದಕ್ಕೂ, ಅವನ ದುಂಡು ಅಕ್ಷರದಲ್ಲಿ,
ಯಮಿಲಾ. ಯಮಿಲಾ. ಯಮಿಲಾ.
ಪುಸ್ತಕ ಇದ್ದಲ್ಲೇ ಇಟ್ಟು ಕಪಾಟು ಮುಚ್ಚಿದೆ.

ಅವಳಿಗೆ ಅವನು ಇವತ್ತಿನವರೆಗೆ
ಒಮ್ಮೆಯೂ ಗ್ರಾಸಿಯಾಸ್ ಅಂದದ್ದಿಲ್ಲ.
ಜೊಂಡು ಹತ್ತಿರ ಬರುತ್ತಿದ್ದಂತೆ
ಎಡಗೈ ಮಾತ್ರ ಜೇಬಿನಿಂದ ಹೊರತೆಗೆದು
ಮೈಯಿಂದ ಒಂದಿಷ್ಟು ದೂರ ಹಿಡಿದು ನಡೆಯುತ್ತಾನೆ.