ಬಳಚು, ಆವೃತ್ತಿ ಸೊನ್ನೆ ಬಿಂದು ಮೂರು

ಪೆನ್‌ಡ್ರೈವಿನಲ್ಲಿ ಒಂದೇ ಕಡತ, ಜೊತೆಗೆ ಅರ್ಧ ಪುಟದ ಚೀಟಿ:
"ಭಾಷೆಯ ಹೆಸರು ಬಳಚು. ಇನ್ನೂ ಹಸಿ.
ನಾಳೆ ಬದಲಾದರೆ ಬೈಯಬೇಡಿ."
ಕೊಟ್ಟವರು ಬೆನೆಡಿಕ್ಟಾ ಟೀಚರ್,
ಹೊನ್ನಾವರದಲ್ಲಿ ಲ್ಯಾಬು ನೋಡಿಕೊಳ್ಳುವವರು,
ಗುರುವಾರದ ಬಾರ್ಜಿಗೆ ಚಿಲ್ಲರೆ ಎಣಿಸಿಯೇ ತರುವವರು.

ನಾನು ತದಡಿಯ ಧಕ್ಕೆಯಲ್ಲಿ ಟಿಕೆಟ್ ಹರಿದು ಕೊಡುವವಳು.
ಒಂದು ಬಾರ್ಜು ಹೋಗಿ ಇನ್ನೊಂದು ಬರುವ ನಡುವೆ
ನಲವತ್ತು ನಿಮಿಷ, ಒಂದು ಹಳೆಯ ಲ್ಯಾಪ್‌ಟಾಪು.
ಅದರ 'ಮ' ಉಪ್ಪುಗಾಳಿಗೆ ಕಚ್ಚಿಕೊಂಡು
ಒಮ್ಮೆ ಒತ್ತಿದರೆ ಎರಡು ಸಲ ಬೀಳುತ್ತದೆ.

ತೆರೆದೆ. ಕಪ್ಪು ಪರದೆ, ಮಿಟುಕುವ ಒಂದು ಗೆರೆ,
ಕೆಸರಿನ ಮೇಲೆ ಬಳಚಿನ ಉಸಿರ ತೂತು ಕಂಡ ಹಾಗೆ:
ಕೆಳಗೆ ಯಾರೋ ಇದ್ದಾರೆ.
ಎರಡಕ್ಕೆ ಮಮೂರು ಕೂಡಿಸು, ಎಂದೆ.
"ಮಮೂರು ನನಗೆ ಗೊತ್ತಿಲ್ಲ."
ತಿದ್ದಿದೆ. ಐದು, ಎಂದಿತು.
ಅಷ್ಟೇ. ಯಾಕೋ ಅತ್ತಿತ್ತ ನೋಡಿದೆ, ಯಾರಾದರೂ ಕಂಡರೋ ಎಂದು.

ಸಾಲು ಕೊಟ್ಟರೆ ಸಾಲು ಮಾಡುತ್ತದೆ,
ಮುಂದಿನದರ ಚಿಂತೆ ಅದಕ್ಕಿಲ್ಲ.
ಕೇರಳದ ವ್ಯಾಪಾರಿ ಚಿಪ್ಪು ಕೊಳ್ಳಲು ಬಂದಾಗ
ನಮ್ಮ ದೊಡ್ಡತ್ತೆ ನಡುವೆ ನಿಂತು ಮಾತು ದಾಟಿಸುತ್ತಿದ್ದಳು.
ಅವನು ಉಸಿರೆಳೆದುಕೊಳ್ಳುವಷ್ಟರಲ್ಲಿ ಇತ್ತ ಕನ್ನಡ;
ಇತ್ತಣ ಬೈಗುಳ ಅತ್ತ ತುಸು ಮೆತ್ತಗೆ.
ಇದು ಮೆತ್ತಗೆ ಮಾಡುವುದಿಲ್ಲ.
"ನಾಲ್ಕನೇ ಸಾಲು: ಚಿಪ್ಪು ತೆರೆದಿದೆ, ಮುಚ್ಚಿಲ್ಲ."
ಕಂಸಕ್ಕೆ ಟೀಚರ್ ಇಟ್ಟ ಹೆಸರು ಚಿಪ್ಪು.
ಬೇಯಿಸಿದಾಗ ಬಾಯಿ ಬಿಡದ ಬಳಚನ್ನು ಎಸೆಯುತ್ತೇವೆ,
ಇಲ್ಲಿ ಬಾಯಿ ಮುಚ್ಚದ್ದನ್ನು.

ಮಧ್ಯಾಹ್ನ ಇಳಿತ. ಹೆಂಗಸರು ಹೊಳೆಯಿಂದ ಮೇಲೆ ಬಂದರು,
ಮೊಣಕಾಲವರೆಗೂ ಅಘನಾಶಿನಿಯ ಕೆಸರು.
"ಎಂತ ಮಾಡ್ತೆ ತಂಗಿ?" ತುಳಸಕ್ಕ ಬಗ್ಗಿ ನೋಡಿದಳು.
ಲೆಕ್ಕ, ಎಂದೆ.
"ಹಂಗಾರೆ ನಮ್ಮ ಪಾಲು ಹಾಕು."
ಇಪ್ಪತ್ತು ಬುಟ್ಟಿ, ಐದು ಜನ, ದೋಣಿಗೊಂದು ಪಾಲು.

ಆರರಿಂದ ಭಾಗಿಸು, ಎಂದು ಬರೆದೆ.
"ಭಾಗಿಸು ನನಗೆ ಗೊತ್ತಿಲ್ಲ."
ಚೀಟಿ ತಿರುವಿ ನೋಡಿದೆ:
ಕೂಡಿಸು, ಕಳೆ, ಇಟ್ಟುಕೋ, ಇರುವ ತನಕ.
ಹಿಂಬದಿಯಲ್ಲಿ ಯಾವುದೋ ಅಂಗಡಿಯ ಸಕ್ಕರೆ, ಚಾಪುಡಿ.

ತುಳಸಕ್ಕ ಕಾಯಲಿಲ್ಲ. ಹಾಸುಗಲ್ಲಿನ ಮೇಲೆ ಸುರಿಯತೊಡಗಿದಳು,
ನಂಗೊಂದು, ಬೇಬಿಗೊಂದು, ಮಾಸ್ತಿಗೊಂದು,
ಹೊನ್ನಿಗೊಂದು, ಶೇವಂತಿಗೊಂದು, ದೋಣಿಗೊಂದು;
ಮತ್ತೆ ನಂಗೊಂದು.
ನನ್ನ ಬೆರಳು ಅವಳ ಕೈಯ ಹಿಂದೆ ಓಡಿತು:

    ರಾಶಿ ಎಂದು ಇಪ್ಪತ್ತು ಇಟ್ಟುಕೋ
    ಪಾಲು ಎಂದು ಸೊನ್ನೆ ಇಟ್ಟುಕೋ
    ರಾಶಿಯಲ್ಲಿ ಆರು ಇರುವ ತನಕ (
        ರಾಶಿಯಿಂದ ಆರು ಕಳೆ
        ಪಾಲಿಗೆ ಒಂದು ಕೂಡಿಸು )

ಪಾಲು ಮೂರು. ರಾಶಿ ಎರಡು.
ತಲೆ ಎತ್ತಿದರೆ ಅವಳೂ ಅಲ್ಲಿಗೇ ಬಂದು ನಿಂತಿದ್ದಳು,
ಎರಡು ಬುಟ್ಟಿ ಬದಿಗಿಟ್ಟು.

"ಉಳಿದದ್ದು?"
"ಗಂಗೆಗೆ. ಬಾಣಂತಿ ಅಲ್ದಾ, ಹೊಳೆಗೆ ಇಳೂಕಿಲ್ಲೆ."

ಗಂಗೆ ಐವರಲ್ಲಿಲ್ಲ, ದೋಣಿಯಲ್ಲೂ ಇಲ್ಲ.
ಅವಳನ್ನು ಬರೆಯಲು ಬಳಚಿನಲ್ಲಿ ಪದ ಸಿಗಲಿಲ್ಲ.
ಸಾಲಿನ ಮೊದಲಿಗೆ ಚುಕ್ಕಿ ಇಟ್ಟರೆ
ಅದನ್ನು ಓದದೆ ದಾಟುತ್ತದಂತೆ ಯಂತ್ರ,
ಬರೆದವರ ನೆನಪಿಗೆ ಮಾತ್ರವಂತೆ.
ಕೊನೆಯಲ್ಲಿ ಸೇರಿಸಿದೆ:

    . ಉಳಿದ ಎರಡು ಗಂಗೆಗೆ

ಮತ್ತೆ ಓಡಿಸಿದೆ. ಪಾಲು ಮೂರು. ರಾಶಿ ಎರಡು.
ತುಳಸಕ್ಕ ಆಗಲೇ ಬುಟ್ಟಿ ಹೊತ್ತು ದಿಬ್ಬ ಹತ್ತುತ್ತಿದ್ದಳು.

ಆಚೆ ದಡದಿಂದ ಬಾರ್ಜು ಕೂಗಿತು.
ಗುರುವಾರ ಟೀಚರಿಗೆ ಹೇಳಬೇಕು,
ಭಾಗಾಕಾರಕ್ಕೆ ಅವಸರವಿಲ್ಲ,
ಈ 'ಮ'ಕ್ಕೆ ಏನಾದರೂ ಮಾಡಿ ಎಂದು.