ಪೀಣ್ಯಕ್ಕೆ ಬಂದ ಉಪ್ಪು

ಯಶವಂತಪುರ ಸ್ಟೇಷನ್ನಿನ ಹಳದಿ ಹಲಗೆಯ ಮೇಲೆ
ಸಮುದ್ರಮಟ್ಟದಿಂದ ಒಂಬೈನೂರು ಚಿಲ್ಲರೆ ಮೀಟರ್ ಎಂದಿದೆ.
ಈ ಊರಿಗೂ ಕಡಲಿಗೂ ಅಷ್ಟೇ ಲೆಕ್ಕ ಎಂದುಕೊಂಡಿದ್ದೆ,
ಮಂಗಳವಾರ ಆ ಪೆಟ್ಟಿಗೆ ಬರುವ ತನಕ.

ಒಳಗೆ ನಮ್ಮದೇ ಉಂಗುರ.
ಮೂರು ವರ್ಷದ ಹಿಂದೆ ಇದೇ ಲೇತಿನ ಮೇಲೆ ನಾನೇ ತಿರುವಿದ್ದು:
ತಾಮ್ರದ ಪಟ್ಟಿ, ಅದರ ಮೈಗೆ ಬೆಳ್ಳಿಯ ತೆಳುಗೆರೆ, ಎರಡು ಹೋಳು,
ಹಡಗಿನ ಶಾಫ್ಟಿಗೆ ಕಾಲಂದುಗೆಯ ಹಾಗೆ ತೊಡಿಸುವುದು.
ಜೊತೆಗೊಂದು ಬೇರಿಂಗಿನ ಚೂರು,
ಕನ್ನಡಿಯಂತಿರಬೇಕಾದ ಬಿಳಿಲೋಹದ ತುಂಬ
ಸಿಡುಬಿನ ಕಲೆ.

"ಬಂತಲ್ಲ ಮಗಳು ತವರಿಗೆ" ಎಂದರು ಮುನಿಚೌಡಪ್ಪನವರು,
ಕನ್ನಡಕ ಹಣೆಗೇರಿಸಿ. "ಯಾಕೆ ಅಂತ ನೋಡು."

ಹಡಗಿನ ಸಂಕಟ ಇಷ್ಟು:
ಮೈ ಉಕ್ಕು, ಹಿಂದೆ ತಿರುಗುವ ರೆಕ್ಕೆ ಕಂಚು,
ಸುತ್ತ ಉಪ್ಪುನೀರು. ಬ್ಯಾಟರಿಗೆ ಇನ್ನೇನು ಬೇಕು?
ಒಂದು ಇನ್ನೊಂದನ್ನು ಸದ್ದಿಲ್ಲದೆ ತಿನ್ನುತ್ತದೆ.
ತಿನ್ನದಿರಲೆಂದು ನೀರಿಗೆ ಕಾವಲಿನ ಕರೆಂಟು ಬಿಡುತ್ತಾರೆ.
ಅದು ರೆಕ್ಕೆಗೂ ಹತ್ತುತ್ತದೆ, ಶಾಫ್ಟಿಗೂ ಏರುತ್ತದೆ.
ಆದರೆ ಶಾಫ್ಟು
ಎಣ್ಣೆಯ ಪೊರೆಯ ಮೇಲೆ, ಯಾರಿಗೂ ಸೋಕದೆ,
ಮಡಿಯುಟ್ಟು ಸುತ್ತುತ್ತಿರುತ್ತದೆ.
ದಾರಿ ಸಿಗದ ಕರೆಂಟು ಪೊರೆ ಹಾರುತ್ತದೆ.
ಹಾರಿದಲ್ಲೆಲ್ಲ ಒಂದು ಕಿಡಿ, ಒಂದು ಕುಳಿ.

ಅದಕ್ಕೇ ಉಂಗುರ. ಉಂಗುರಕ್ಕೆ ಒತ್ತಿಕೊಂಡು
ಬೆಳ್ಳಿ ಬೆರೆತ ಗ್ರಾಫೈಟಿನ ಎರಡು ಬ್ರಷ್ಷು,
ಅಲ್ಲಿಂದ ಹಡಗಿನ ಮೈಗೊಂದು ಕೇಬಲ್ಲು.
ಮಡಿ ಕೆಡಿಸುವುದು, ಅಷ್ಟೇ ನಮ್ಮ ಕಸುಬು.
ಚುಕ್ಕಾಣಿಗೆ ಈ ವೈಭೋಗ ಬೇಡ;
ಪೂರ್ತಿ ಸುತ್ತುವ ಜಾತಿಯಲ್ಲ ಅದು,
ಹೆಣೆದ ತಾಮ್ರದ ಜಡೆಯೊಂದನ್ನು ಸಡಿಲ ಬಿಟ್ಟು ಕಟ್ಟಿದರೆ ಸಾಕು.

ಸೇರಿದ ಹೊಸದರಲ್ಲಿ ಕೇಳಿದ್ದೆ:
"ಅರ್ತಿಂಗ್ ಅಂತೀರಿ, ನಡುಗಡಲಲ್ಲಿ ಅರ್ತ್ ಎಲ್ಲಿದೆ ಸಾರ್?"
"ನೆಲ ಅಂದ್ರೆ ಮಣ್ಣಲ್ಲ ಆರೋಗ್ಯಮೇರಿ.
ಎಲ್ಲರೂ ಸೇರಿ ಇದೇ ಸೊನ್ನೆ ಅಂತ ಒಪ್ಪಿಕೊಂಡ ಜಾಗ."
ಹೇಳಿ, ಬನ್ನನ್ನು ಟೀಯಲ್ಲಿ ಅದ್ದಿದ್ದರು.

ಈಗ ನೋಡಿದರೆ ಉಂಗುರಕ್ಕೆ ಏನೂ ಆಗಿಲ್ಲ.
ಬ್ರಷ್ಷು ಅರ್ಧ ಸವೆದಿದೆ, ಸವೆಯಲೆಂದೇ ಹುಟ್ಟಿದ್ದು.
ಕೇಬಲ್ಲಿನ ಬುಡದ ಬಿಲ್ಲೆ ಮಗುಚಿದೆ:
ಹಸಿರು.
ಇನ್‌ಸ್ಪೆಕ್ಷನ್ನಿಗೆಂದು ಯಾರೋ ಪುಣ್ಯಾತ್ಮ ಬೋಲ್ಟು ಬಿಚ್ಚಿ,
ಅಡಿಯ ಉಕ್ಕಿಗೆ ಎರಡು ಕೋಟು ಬಣ್ಣ ಬಳಿದು
ನೀಟಾಗಿ ಮತ್ತೆ ಬಿಗಿದಿದ್ದಾನೆ.
ಕೂದಲೆಳೆ ದಪ್ಪದ ಅಂದ.

ಪೆಟ್ಟಿಗೆಯ ತಳದಲ್ಲಿ ದಿನಚರಿಯ ಹಾಳೆಗಳು, ಮಿಲಿವೋಲ್ಟಿನ ಲೆಕ್ಕ.
ಐವತ್ತು ದಾಟಬಾರದು.
ಮೂವತ್ತೆಂಟು, ನಲವತ್ತೊಂದು, ನಲವತ್ತು.
ಆಮೇಲೆ ಒಂದು ದಿನ ನೂರ ತೊಂಬತ್ತು.
ಮರುದಿನ ಇನ್ನೂರ ಹತ್ತು. ಇನ್ನೂರ ಹತ್ತು. ಇನ್ನೂರ ಹತ್ತು.
ಹದಿನಾಲ್ಕು ತಿಂಗಳು, ಒಂದು ದಿನ ಬಿಡದೆ,
ಮುತ್ತಿನಂಥ ಅಕ್ಷರ.
ಬರೆದವನು ಓದಿಲ್ಲ.

ತಪ್ಪು ನನ್ನದಲ್ಲವೆಂದು ಉಸಿರು ಬಿಟ್ಟೆ.
ಆಮೇಲೆ ಆ ಉಸಿರಿಗೇ ನಾಚಿಕೆಯಾಯಿತು.

ಶನಿವಾರ ಶೆಡ್ಡಿನ ಹಿಂದಿನ ಅರ್ತ್ ಗುಂಡಿಗೆ ನೀರು ಹಾಕುವ ಪಾಳಿ ನನ್ನದು.
ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುವ ಈ ಏಪ್ರಿಲ್ಲಿನಲ್ಲೂ
ಇದ್ದಿಲು, ಉಪ್ಪು, ತಾಮ್ರದ ತಗಡು ಹೂತ ಆ ಕುಳಿಗೆ
ಒಂದು ಬಕೆಟ್ ಮೊದಲು, ನಮ್ಮ ಕೈಕಾಲು ತೊಳೆಯುವುದು ಆಮೇಲೆ.
ಪೆಟ್ಟಿಗೆಯ ಮೂಲೆಯಲ್ಲಿ ಹರಳುಗಟ್ಟಿದ್ದ ಕಡಲನ್ನು
ಉಗುರಿನಲ್ಲಿ ಕೆರೆದು ಬಕೆಟ್ಟಿಗೆ ಹಾಕಿದೆ.
ಅಲ್ಲಿ ತಿನ್ನುವ ಉಪ್ಪು, ಇಲ್ಲಿ ಕಾಯುವ ಉಪ್ಪು.
"ಅಷ್ಟಕ್ಕೆ ಏನಾಗುತ್ತೆ?" ಎಂದರು ಅವರು.
ಏನೂ ಆಗಲ್ಲ ಸಾರ್.

ಸಂಜೆ ಹೊಸ ಬ್ರಷ್ ಹೋಲ್ಡರಿನ ಬೆನ್ನಿಗೆ,
ಇಂಗ್ಲಿಷಿನ ಎಚ್ಚರಿಕೆಯ ಕೆಳಗೆ,
ಕೆತ್ತುವ ಸೂಜಿಯಲ್ಲಿ ಕನ್ನಡದಲ್ಲೂ ಗೀಚಿದೆ:
ಬಣ್ಣ ಬಳಿಯಬೇಡಿ ಅಣ್ಣಾ, ಬರೆದದ್ದನ್ನು ಓದಿ.
ಆ ಹಡಗಿನಲ್ಲಿ ಇದನ್ನು ಓದುವವರು
ಇರಲಿಕ್ಕಿಲ್ಲ.