ಸಣ್ಣ ಅಕ್ಷರದ ಪುಟ

ಆಗ ನಲವತ್ತೆರಡು ಪುಟ.
ಎರಡು ಹಗಲು ಎರಡು ರಾತ್ರಿ ನಡೆದ ಹ್ಯಾಮ್ ರೇಡಿಯೋ ಸ್ಪರ್ಧೆ
ಏಳು ತಿಂಗಳ ಮೇಲೆ ಕಾಗದಕ್ಕೆ ಇಳಿಯುತ್ತಿತ್ತು:
ಸಾಸಿವೆ ಗಾತ್ರದ ಅಕ್ಷರ, ಆರು ಅಂಕಣ,
ಕರೆಹೆಸರು, ಸಂಪರ್ಕ, ದೇಶ, ಅಂಕ.
ಜೋಡಿಸುತ್ತಿದ್ದವಳು ನಾನು, ಕೆಮಿ ಊರಿನ ಹಿಲ್ಕಾ.
ಕಿಟಕಿಯಾಚೆ ಹೆಪ್ಪುಗಟ್ಟಿದ ಕೊಲ್ಲಿ,
ಕಾಗದದ ಗಿರಣಿಯಿಂದ ಕೊಳೆತ ಕೋಸಿನ ವಾಸನೆ.

ಹೊರಗಿನವರಿಗೆ ಹೇಗೆ ಹೇಳಲಿ?
ಅಲ್ಲಿ ಯಾರೂ ಮಾತಾಡುವುದಿಲ್ಲ.
ಹೆಸರು, ಒಂದು ಅಂಕಿ, ಆಯಿತು, ಮುಂದಿನವರು.
ಕೇಳಿಸಿದರೂ ‘ಐದು ಒಂಬತ್ತು’,
ಕೇಳಿಸದಿದ್ದರೂ ‘ಐದು ಒಂಬತ್ತು, ಇನ್ನೊಮ್ಮೆ ಹೇಳಿ’.
ಬಲು ಸ್ಪಷ್ಟವಾಗಿದ್ದೀರಿ, ಯಾರು ನೀವು?
ಇಷ್ಟು ಸಭ್ಯವಾದ ಸುಳ್ಳನ್ನು
ನಾನು ಚರ್ಚಿನಲ್ಲೂ ಕೇಳಿಲ್ಲ.

ಮೇಲಿನ ಹತ್ತು ಹೆಸರು ಯಾರು ಬೇಕಾದರೂ ಓದುತ್ತಾರೆ.
ನನ್ನ ಕಣ್ಣು ತಳಕ್ಕೆ:
ತೌನೊ ರಾಪ್ಪಾನ, ಹನ್ನೊಂದು ಸಂಪರ್ಕ.
ಹೈಲುವೊಟೊ ದ್ವೀಪದಲ್ಲಿ ದೋಣಿಯ ಎಂಜಿನ್ ರಿಪೇರಿಯವನು,
ಬರ್ಚ್ ಮರದಿಂದ ಶೆಡ್ಡಿಗೆ ಎಳೆದ ಒಂದೇ ತಂತಿ.
ಪ್ರತಿ ವರ್ಷ ಹನ್ನೊಂದು.
ಹನ್ನೆರಡಾಗಲು ಅವನೇ ಬಿಡುತ್ತಿರಲಿಲ್ಲವೇನೋ.
ಪತ್ರಿಕೆ ಬಂದ ದಿನ ಭೂತಗನ್ನಡಿ ಹಿಡಿದು
ತನ್ನ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತಾನಂತೆ.
ಒಮ್ಮೆ ತಪ್ಪಿ ಹತ್ತು ಎಂದು ಅಚ್ಚಾಯಿತು.
ಕಾಗದ ಬಂತು:
‘ಒಬ್ಬ ಮನುಷ್ಯನನ್ನು ಕಳೆದಿದ್ದೀರಿ.’

ಆಮೇಲೆ ಇಪ್ಪತ್ತು ಪುಟ. ಆಮೇಲೆ ಎಂಟು.
ಜಾಹೀರಾತು ಕೊಡುತ್ತಿದ್ದ ಬ್ಯಾಟರಿ ಕಂಪನಿ ಮುಚ್ಚಿತು,
ಅಂಚೆ ಖರ್ಚು ಏರಿತು.
ಹೊಸ ಸಂಪಾದಕಿ ಯಾನಿಕಾ (ಕೆಟ್ಟವಳಲ್ಲ)
ಕಾಫಿ ಬಗ್ಗಿಸಿಕೊಟ್ಟು ಹೇಳಿದಳು:
ಎಲ್ಲರ ಅಂಕವೂ ಪರದೆಯ ಮೇಲೇ ಸಿಗುತ್ತದಲ್ಲ, ಬೇಗನೆ.
ನಿಜ. ತೌನೊ ಕೂಡ ಅಲ್ಲಿದ್ದಾನೆ, ಹುಡುಕಿದರೆ.
ಹುಡುಕಿದರೆ ತಾನೇ?
ಕಾಗದದಲ್ಲಿ ಇನ್ನಾರನ್ನೋ ಹುಡುಕುವಾಗ
ಅವನು ಅಡ್ಡ ಸಿಗುತ್ತಿದ್ದ.
ಸಿಗದ ವರ್ಷ, ಪುಟ ಮಡಚಿ, ಫೋನ್ ಎತ್ತುತ್ತಿದ್ದೆವು.
ಬಲ್ಗೇರಿಯದ ಪೆಂಚೊ ಹೋದದ್ದು ತಿಳಿದದ್ದು ಹಾಗೆ:
ಎರಡು ಸಾಲಿನ ನಡುವೆ ಇರಬೇಕಾದ ಸಾಲು
ಇರಲಿಲ್ಲ.

ಈಗ ಅರ್ಧ ಪುಟ.
ಗೆದ್ದವರ ಫೋಟೋ, ಮೂರು ಹೆಸರು,
ಪಕ್ಕದಲ್ಲಿ ಮೊಣಕಾಲು ನೋವಿನ ಮುಲಾಮು.
ಆಟ ಮುಗಿದಿದ್ದರೆ ಒಂದು ಸಂತಾಪ ಬರೆದು
ಕೈತೊಳೆದುಕೊಳ್ಳಬಹುದಿತ್ತು.
ನವೆಂಬರಿನ ಆ ಶನಿವಾರ ರೇಡಿಯೋ ಹಚ್ಚಿದರೆ
ಸೂಜಿಮೊನೆ ಊರಲು ಜಾಗವಿಲ್ಲ.

ಅರವತ್ತೆಂಟಕ್ಕೆ ಪರೀಕ್ಷೆ ಪಾಸು ಮಾಡಿ,
ಅಣ್ಣನ ಹಳೆಯ ಸೆಟ್ಟಿನ ಧೂಳು ಒರೆಸಿ,
ಈ ಸಲ ಮೊದಲ ಬಾರಿ ನಾನೇ ಕರೆದೆ.
ಗದ್ದಲದ ಅಂಚಿನಲ್ಲಿ ಅವನಿದ್ದ.
‘ಐದು ಒಂಬತ್ತು’ ಅಂದ. ‘ಐದು ಒಂಬತ್ತು’ ಅಂದೆ.
ಇಬ್ಬರಿಗೂ ಸರಿಯಾಗಿ ಕೇಳಿಸಿರಲಿಲ್ಲ.
ಒಂದೇ ದೇಶದವರಾದರೆ ಅಂಕ ಸೊನ್ನೆ, ನಿಯಮ ನನಗೆ ಗೊತ್ತು.
ಎಣಿಕೆಗಾದರೂ ಸಿಗಬೇಡವೇ?

ಪರದೆ ನೋಡಿದೆ, ಹುಡುಕಿ, ಕನ್ನಡಕ ಏರಿಸಿ.
ರಾಪ್ಪಾನ: ಹನ್ನೊಂದು.

ಒಬ್ಬಳನ್ನು ಕಳೆದಿದ್ದೀರಿ ಎಂದು
ಒಂದು ಕಾಗದ ಬರೆಯಬೇಕು.
ಸ್ಟಾಂಪು ಎಲ್ಲಿಟ್ಟೆನೋ.